ಓಕ್ಲೆಂಡ್‌ನ ಹಳೇ ಸ್ಟೇಷನ್ ಯಾರದ್ದು?

ಕ್ಯಾಲಿಫೋರ್ನಿಯಾದ ವೆಸ್ಟ್ ಓಕ್ಲೆಂಡ್‌ನ 16ನೇ ಸ್ಟ್ರೀಟ್ ರೈಲ್ವೆ ಸ್ಟೇಷನ್ ಬಗ್ಗೆ ಮಾತು ಬಂದ್ರೆ ಸಾಕು, ಎಲ್ರೂ 1912ರ ಕಟ್ಟಡ, ಜಾರ್ವಿಸ್ ಹಂಟ್ ಡಿಸೈನು, ಎಷ್ಟ್ ದೊಡ್ಡ ಕಮಾನು ನೋಡಿ ಅಂತ ಶುರು ಮಾಡ್ತಾರೆ. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದ್ರೆ ಅದನ್ನ ಉಳಿಸ್ಕೋಬೇಕಿರೋದು ಕಮಾನಿಗೋಸ್ಕರ ಅಲ್ಲ, ಅಲ್ಲಿಂದ ಡ್ಯೂಟಿಗೆ ಹತ್ತುತಿದ್ದ ಪುಲ್‌ಮನ್ ಪೋರ್ಟರ್‌ಗಳಿಗೋಸ್ಕರ, ಅಂದ್ರೆ ರೈಲಿನ ಸ್ಲೀಪರ್ ಕೋಚ್‌ಗಳಲ್ಲಿ ಪ್ಯಾಸೆಂಜರ್‌ಗಳ ಸೇವೆ ಮಾಡ್ತಿದ್ದ ಕಪ್ಪು ಕೆಲಸಗಾರರಿಗೋಸ್ಕರ.

ಅಮೆರಿಕದ ಸಿವಿಲ್ ವಾರ್ ಮುಗಿದ್ಮೇಲೆ ಗುಲಾಮಗಿರಿಯಿಂದ ಬಿಡುಗಡೆ ಆದವ್ರನ್ನೇ ಹುಡುಕಿ ಹುಡುಕಿ ತನ್ನ ಸ್ಲೀಪರ್ ಕೋಚ್‌ಗಳಿಗೆ ಇಟ್ಕೊಂಡಿದ್ದು ಈ ಪುಲ್‌ಮನ್ ಕಂಪನಿ. ಹಾಸಿಗೆ ಹಾಸೋದು, ರಾತ್ರಿಯೆಲ್ಲಾ ಎದ್ದಿದ್ದು ಪ್ಯಾಸೆಂಜರ್‌ಗಳ ಶೂ ಪಾಲಿಶ್ ಮಾಡೋದು, ಆ ಪಾಲಿಶ್ ಡಬ್ಬಿನೂ ಸ್ವಂತ ದುಡ್ಡಲ್ಲೇ ತರ್ಬೇಕು, ತಿಂಗಳಿಗೆ ಹತ್ತಿರತ್ರ 400 ಗಂಟೆ ದುಡಿಮೆ, ಸಂಬಳ ಸಾಲದೆ ಟಿಪ್ಸ್ ನಂಬ್ಕೊಂಡು ಸಂಸಾರ. ಕರೆಯೋದು ಮಾತ್ರ ಎಲ್ರನ್ನೂ "ಜಾರ್ಜ್" ಅಂತ! ಯಾಕಂದ್ರೆ ಧಣಿ ಹೆಸರು ಜಾರ್ಜ್ ಪುಲ್‌ಮನ್.

1925ರಲ್ಲಿ ನ್ಯೂಯಾರ್ಕಲ್ಲಿ ಇವ್ರ ಯೂನಿಯನ್ ಹುಟ್ತು. ಲೀಡರ್ ಎ. ಫಿಲಿಪ್ ರ್ಯಾಂಡಾಲ್ಫ್ ಪೋರ್ಟರೇ ಅಲ್ಲ, ಹಂಗಾಗಿ ಕಂಪನಿಗೆ ಅವರನ್ನ ಕೆಲಸದಿಂದ ತೆಗೆಯೋಕೆ ದಾರಿನೇ ಇರ್ಲಿಲ್ಲ (ಒಳ್ಳೇ ಐಡಿಯಾ). ಓಕ್ಲೆಂಡಲ್ಲಿ ಸಂಘಟನೆ ಮಾಡಿದ ಸಿ. ಎಲ್. ಡೆಲಮ್ಸ್‌ಗೆ ಆ ಅನುಕೂಲ ಇರ್ಲಿಲ್ಲ, ಅವರು ಪೋರ್ಟರು, ಕೆಲಸ ಹೋಯ್ತು, ಆದ್ರೂ ಬಿಡ್ಲಿಲ್ಲ. 12 ವರ್ಷ ಗುದ್ದಾಡಿ 1937ರಲ್ಲಿ ಕಂಪನಿ ಕೈಲಿ ಒಪ್ಪಂದಕ್ಕೆ ಸೈನ್ ಹಾಕಿಸಿದ್ರು, ತಿಂಗಳ ದುಡಿಮೆ 240 ಗಂಟೆಗೆ ಇಳೀತು. ಅಲ್ಲಿಗೇ ನಿಲ್ಲಲಿಲ್ಲ. 1941ರಲ್ಲಿ ವಾಷಿಂಗ್ಟನ್‌ಗೆ ಮೆರವಣಿಗೆ ತರ್ತೀವಿ ಅಂತ ರ್ಯಾಂಡಾಲ್ಫ್ ಹೆದರಿಸಿದ್ದಕ್ಕೆ ಅಧ್ಯಕ್ಷ ರೂಸ್‌ವೆಲ್ಟ್ ಯುದ್ಧದ ಕಾರ್ಖಾನೆಗಳಲ್ಲಿ ವರ್ಣಭೇದ ಮಾಡಂಗಿಲ್ಲ ಅಂತ ಆದೇಶ ಹೊರಡಿಸ್ಬೇಕಾಯ್ತು, ಆಮೇಲೆ ಟೆಕ್ಸಾಸ್, ಲೂಯಿಸಿಯಾನಾ ಕಡೆಯಿಂದ ಹಡಗು ಕಟ್ಟೋ ಕೆಲಸಕ್ಕೆ ಅಂತ ಕಪ್ಪು ಕುಟುಂಬಗಳು ಗಂಟುಮೂಟೆ ಸಮೇತ ಬಂದಿಳಿದಿದ್ದೂ ಇದೇ ಸ್ಟೇಷನ್ನಲ್ಲೇ.

1989ರ ಭೂಕಂಪದಲ್ಲಿ ಕಟ್ಟಡ ಹಾಳಾಯ್ತು, 1994ಕ್ಕೆ ರೈಲೂ ನಿಂತ್ಹೋಯ್ತು. ಡೆಲಮ್ಸ್ ಹೆಸರು, ಪ್ರತಿಮೆ ಎರಡೂ ಈಗ ಜಾಕ್ ಲಂಡನ್ ಸ್ಕ್ವೇರ್ ಹತ್ರದ ಹೊಸ ಸ್ಟೇಷನ್ನಲ್ಲಿವೆ. ಬಾರ್ಟ್ (ಇಲ್ಲಿನ ಲೋಕಲ್ ರೈಲು) ಹತ್ತಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗೋ ನಾವು ಕನ್ನಡದವ್ರೂ ವೆಸ್ಟ್ ಓಕ್ಲೆಂಡ್‌ನ 7ನೇ ಸ್ಟ್ರೀಟ್ ಮೇಲೇ ಹೋಗ್ತೀವಿ, ಒಂದ್ ಕಾಲಕ್ಕೆ ಬ್ಲೂಸ್ ಕ್ಲಬ್ಬು, ಪೋರ್ಟರ್‌ಗಳ ಯೂನಿಯನ್ ಆಫೀಸು ಎಲ್ಲಾ ಇದ್ದ ಬೀದಿ ಅದು, ಮೊಬೈಲಿಂದ ತಲೆ ಎತ್ತಲ್ಲ ಅಷ್ಟೇ.

ರಿಪೇರಿ ಮಾಡಿ ಪಾರ್ಟಿ ಹಾಲ್ ಮಾಡ್ಲಿ, ಬಾಡಿಗೆ ದುಡ್ಡು ಬೇಕಲ್ಲ, ನಂದೇನೂ ತಕರಾರಿಲ್ಲ. ಆದ್ರೆ ಒಳಗ್ ಕಾಲಿಟ್ಟ ತಕ್ಷಣ ಕಾಣೋ ಗೋಡೆ ಯೂನಿಯನ್ನಿಗೇ ಇರ್ಬೇಕು, ಅದೂ ಪೋರ್ಟರ್‌ಗಳ ಅಸಲಿ ಹೆಸರುಗಳ ಸಮೇತ. ಆರ್ಕಿಟೆಕ್ಟ್ ಬಗ್ಗೆ ಬೋರ್ಡ್ ಬೇಕಿದ್ರೆ ಟಾಯ್ಲೆಟ್ ದಾರೀಲಿ ಹಾಕ್ಕೊಳ್ಲಿ.