ಹಿಮ ಎಲ್ಲಪ್ಪಾ?

ಮೊದಲ ಸಲ ನಾನು ಸ್ಕೀ ಊರು ಆರಿಸಿದ್ದು ಫೋಟೋ ನೋಡಿ. ಎಡವಟ್ಟು ಅಲ್ಲಿಂದಲೇ ಶುರು. ಮರದ ಮನೆಗಳು, ಸೂರಿನ ಮೇಲೆ ಒಂದು ಮೊಳ ಹಿಮ, ಚಿಮಣಿಯಲ್ಲಿ ತೆಳ್ಳಗೆ ಹೊಗೆ, ಹಿಂದೆ ಬೆಟ್ಟ. ಹೆಂಡತಿಗೆ ತೋರಿಸಿದೆ. "ಚೆನ್ನಾಗಿದೆ. ಈ ಫೋಟೋ ಯಾವ ತಿಂಗಳದ್ದು?" ಎಂದು ಕೇಳಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆಗಲೇ ಬುಕ್ ಮಾಡುವ ಗುಂಡಿ ಒತ್ತಿ ಆಗಿತ್ತು, ಹಣ ವಾಪಸ್ ಬರುವುದಿಲ್ಲ ಎಂದು ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದಿಯೂ ಆಗಿತ್ತು. ಓದಿದ್ದು ಒತ್ತಿದ ಮೇಲೆ.

ನಮಗೆ ಸಿಗುವುದು ಈಸ್ಟರ್ ರಜೆ. ಈ ಈಸ್ಟರ್ ಒಂದು ಕಡೆ ನಿಲ್ಲುವ ಹಬ್ಬ ಅಲ್ಲ. ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಯಾವ ಭಾನುವಾರ ಬೇಕಾದರೂ ಬರಬಹುದು. 2008ರಲ್ಲಿ ಮಾರ್ಚ್ 23ಕ್ಕೇ ಬಂದಿತ್ತು, 2019ರಲ್ಲಿ ಏಪ್ರಿಲ್ 21ಕ್ಕೆ. ಹೆಚ್ಚುಕಡಿಮೆ ಒಂದು ತಿಂಗಳ ಆಟ. ಮಾರ್ಚ್ ಮೂರನೇ ವಾರ ಆಲ್ಪ್ಸ್‌ನಲ್ಲಿ ಇನ್ನೂ ಚಳಿಗಾಲ. ಏಪ್ರಿಲ್ ಮೂರನೇ ವಾರ ತಪ್ಪಲಿನ ಹಳ್ಳಿಗಳಲ್ಲಿ ಹೂ ಬಿಟ್ಟಿರುತ್ತದೆ. ನಾವು ಹೋದದ್ದು ಹೂ ಬಿಟ್ಟ ವರ್ಷ.

ಬಸ್ ಇಳಿದಾಗ ಮಗಳು ಸುಮ್ಮನಿದ್ದಳು, ಹನ್ನೊಂದು ವರ್ಷಕ್ಕೆ ಅಷ್ಟು ಮರ್ಯಾದೆ ಬಂದಿರುತ್ತದೆ. ಮಗನಿಗೆ ಏಳು. ಅವನು ಸುತ್ತ ಒಂದು ಸಲ ನೋಡಿ, ಹಸಿರು ಹುಲ್ಲನ್ನು ಕಾಲಲ್ಲಿ ಒದ್ದು, "ಹಿಮ ಎಲ್ಲಪ್ಪಾ?" ಎಂದ.

ಮೇಲೆ ಕೈ ತೋರಿಸಿದೆ. ಅಷ್ಟು ಹಸಿರು ಗುಡ್ಡದ ನಡುವೆ ಒಂದೇ ಒಂದು ಬಿಳಿ ಪಟ್ಟಿ. ಯಾರೋ ಉದ್ದನೆಯ ಬಟ್ಟೆ ಒಣಹಾಕಿ ಮರೆತು ಹೋದ ಹಾಗೆ.

ಹೊರಡುವ ಮುಂಚೆ ನಾನು ಹಿಮದ ವರದಿ ನೋಡದೆ ಇರಲಿಲ್ಲ, ಅಷ್ಟೇನೂ ದಡ್ಡ ಅಲ್ಲ. "ಮೇಲೆ 140 ಸೆಂಟಿಮೀಟರ್, ಕೆಳಗೆ 0" ಎಂದಿತ್ತು. ಮೊದಲನೇ ಅಂಕಿ ಓದಿ ಖುಷಿಯಾಗಿ ಫೋನ್ ಕೆಳಗಿಟ್ಟಿದ್ದೆ. ಸ್ಕೀ ಕಲಿಯದ ಮಕ್ಕಳು ಇರುವುದು ಯಾವಾಗಲೂ ಆ ಎರಡನೇ ಅಂಕಿಯ ಜಾಗದಲ್ಲಿ ಅನ್ನುವುದು ಆಗ ಹೊಳೆದಿರಲಿಲ್ಲ.

ಆ ವಾರದ ಸ್ಕೀಯಿಂಗ್ ಹೀಗಿತ್ತು. ಮಧ್ಯದ ನಿಲ್ದಾಣದವರೆಗೆ ಲಿಫ್ಟ್. ಅಲ್ಲಿಂದ ಬಿಳಿ ಪಟ್ಟಿಯ ಮೇಲೆ ಇಳಿಯುವುದು. ಪಟ್ಟಿ ಲಿಫ್ಟಿಗೆ ನಲವತ್ತು ಹೆಜ್ಜೆ ಇರುವಾಗಲೇ ಮುಗಿದುಹೋಗುತ್ತಿತ್ತು. ಅಲ್ಲಿ ಸ್ಕೀ ಕಳಚಬೇಕು, ನನ್ನದೊಂದು ಜೊತೆ, ಮಗನದೊಂದು ಜೊತೆ, ನಾಲ್ಕು ಕೋಲು, ಎಲ್ಲ ಹೆಗಲಿಗೆ ಹಾಕಿಕೊಂಡು ಹುಲ್ಲಿನಲ್ಲಿ ನಡೆಯಬೇಕು. ಸ್ಕೀ ಬೂಟು ಹಾಕಿಕೊಂಡು ನಡೆದವರಿಗೆ ಗೊತ್ತು, ಅದು ನಡಿಗೆ ಅಲ್ಲ. ಕಣಕಾಲು ಮಡಚುವುದಿಲ್ಲ, ಹಿಮ್ಮಡಿ ಮೊದಲು ಊರಬೇಕು, ಬೀರು ತಾನೇ ಎದ್ದು ಮನೆ ಖಾಲಿ ಮಾಡಿದ ಹಾಗೆ ಇರುತ್ತದೆ. ಮೂರನೇ ದಿನ ಒಂದು ಹಳದಿ ಹೂವು ನನ್ನ ಸ್ಕೀಯ ಬೈಂಡಿಂಗ್‌ನಲ್ಲಿ, ಅಂದರೆ ಬೂಟು ಕೂರುವ ಕೊಂಡಿಯಲ್ಲಿ, ಸಿಕ್ಕಿಹಾಕಿಕೊಂಡಿತ್ತು. ಅದರ ಫೋಟೋ ಇದೆ.

ಲಿಫ್ಟ್ ನೋಡಿಕೊಳ್ಳುವ ಹುಡುಗನನ್ನು ಕೇಳಿದೆ, "ಅಷ್ಟೊಂದು ಸ್ನೋ ಕ್ಯಾನನ್ ಸಾಲಾಗಿ ನಿಲ್ಲಿಸಿದ್ದೀರಲ್ಲ, ಹಾಕಬಾರದಾ?" ಅವನು ಮಾತಾಡಲಿಲ್ಲ, ಗೋಡೆಯ ಥರ್ಮಾಮೀಟರ್ ತೋರಿಸಿದ. ಹನ್ನೆರಡು ಡಿಗ್ರಿ. ಆ ಯಂತ್ರ ಎಲ್ಲಿಂದಲೋ ಹಿಮ ತಂದು ಸುರಿಯುವುದಿಲ್ಲ. ನೀರನ್ನು ಸಣ್ಣ ಹನಿ ಮಾಡಿ ಗಾಳಿಗೆ ಎಸೆಯುತ್ತದೆ ಅಷ್ಟೇ, ಹೆಪ್ಪುಗಟ್ಟಿಸುವ ಕೆಲಸ ಗಾಳಿಯದು. ಅದಕ್ಕೆ ಗಾಳಿ ಸೊನ್ನೆಯ ಕೆಳಗೆ ಒಂದೆರಡು ಡಿಗ್ರಿಯಾದರೂ ಇರಬೇಕು, ಒಣ ಗಾಳಿಯಾದರೆ ಸ್ವಲ್ಪ ರಿಯಾಯಿತಿ. ಅಂದರೆ ಚಳಿ ಇದ್ದಾಗ ಹಿಮ ಮಾಡಿ ಕೊಡುತ್ತದೆ. ಮಳೆ ಬಂದಾಗ ಮಾತ್ರ ನೀರು ಬಿಡುವ ನಲ್ಲಿ ಇದ್ದ ಹಾಗೆ.

ವಾಪಸ್ ಬಂದ ಮೇಲೆ ಹೆಂಡತಿ ಏನೂ ಅನ್ನಲಿಲ್ಲ. ಅದೇ ಕಷ್ಟ. ಮಾತಾಡಿದ್ದು ಅವಳ ತಮ್ಮ, ಅಂದರೆ ನನ್ನ ಭಾವಮೈದುನ. ಸ್ಕೀ ಅವನೂ ಕಲಿತಿಲ್ಲ, ಆದರೆ ಎಲ್ಲದಕ್ಕೂ ಒಂದು ಅಭಿಪ್ರಾಯ ಇಟ್ಟುಕೊಂಡಿರುತ್ತಾನೆ. "ಭಾವ, ನೀವು ಹೈಟ್ ನೋಡಲೇ ಇಲ್ವಾ?"

ನೋಡಿರಲಿಲ್ಲ. ಮುಂದಿನ ವರ್ಷ ಬೇರೇನನ್ನೂ ನೋಡಲಿಲ್ಲ.

ಎಕ್ಸೆಲ್ ಶೀಟ್ ಮಾಡಿದೆ. ಲೆಕ್ಕ ತುಂಬ ಸರಳ: ಸಾವಿರ ಮೀಟರ್ ಮೇಲೆ ಹೋದರೆ ಸುಮಾರು ಆರೂವರೆ ಡಿಗ್ರಿ ತಂಪು. ಆಸ್ಟ್ರಿಯಾದ ಕಿಟ್ಸ್‌ಬ್ಯೂಯೆಲ್ ಅನ್ನುವ ಚೆಂದದ ಹಳೇ ಪಟ್ಟಣ ಇರುವುದು 760 ಮೀಟರ್ ಆಸುಪಾಸಿನಲ್ಲಿ. ಫ್ರಾನ್ಸಿನ ವಾಲ್ ತೊರಾನ್ಸ್ 2300 ಮೀಟರಿನಲ್ಲಿದೆ, ಯುರೋಪಿನಲ್ಲೇ ಅತಿ ಎತ್ತರದ ಸ್ಕೀ ಊರು ಅದು. ಇವೆರಡರ ನಡುವೆ ಹತ್ತು ಡಿಗ್ರಿ ವ್ಯತ್ಯಾಸ ಬಂದುಬಿಡುತ್ತದೆ. ಏಪ್ರಿಲ್‌ನಲ್ಲಿ ಅದೇ ಮೋಡ ಕೆಳಗೆ ಮಳೆ, ಮೇಲೆ ಹಿಮ. ಫ್ರಾನ್ಸಿನದೇ ಟೀನ್ಯ್ 2100, ಇಟಲಿಯ ಚೆರ್ವಿನಿಯಾ 2050, ಆಸ್ಟ್ರಿಯಾದ ಓಬರ್‌ಗುರ್ಗ್ಲ್ 1900ಕ್ಕೂ ಸ್ವಲ್ಪ ಮೇಲೆ. ಬರೆದುಕೊಂಡೆ. ರಾತ್ರಿ ಮಲಗಿದರೂ ಮೀಟರ್‌ಗಳೇ ಕಣ್ಣ ಮುಂದೆ.

ಇಲ್ಲಿ ಒಂದು ಮೋಸ ಇದೆ, ಅದನ್ನು ಹೇಳಲೇಬೇಕು. ಕರಪತ್ರದ ಮೇಲೆ ದಪ್ಪ ಅಕ್ಷರದಲ್ಲಿ ಇರುವುದು ಬೆಟ್ಟದ ತುದಿಯ ಎತ್ತರ. ಸ್ವಿಟ್ಜರ್ಲೆಂಡಿನ ಝರ್ಮಾಟ್‌ನಲ್ಲಿ ಲಿಫ್ಟ್ 3883 ಮೀಟರ್‌ವರೆಗೆ ಹೋಗುತ್ತದೆ, ಊರು ಇರುವುದು 1600ರಲ್ಲಿ. ನುರಿತವರಿಗೆ ತುದಿ ಮುಖ್ಯ. ನಮ್ಮಂಥ ಸಂಸಾರವಂದಿಗರು ಕೇಳಬೇಕಾದ್ದು ಒಂದೇ: ಹೊಸಬರು ಕಲಿಯುವ ಇಳಿಜಾರು ಯಾವ ಎತ್ತರದಲ್ಲಿದೆ? ಎಷ್ಟೋ ಕಡೆ ಅದು ಊರ ಬುಡದಲ್ಲೇ, ಹೋಟೆಲ್ ಪಕ್ಕದಲ್ಲೇ ಇರುತ್ತದೆ. ಜನವರಿಯಲ್ಲಿ ಅದಕ್ಕಿಂತ ಅನುಕೂಲ ಇಲ್ಲ. ಏಪ್ರಿಲ್‌ನಲ್ಲಿ ಮೊದಲು ಕರಗುವುದೂ ಅದೇ. ಕೆಲವು ಕಡೆ ಕಲಿಯುವ ಜಾಗ ಮೇಲೆ ಇರುತ್ತದೆ, ತಂತಿಯ ಮೇಲೆ ತೂಗುವ ಡಬ್ಬಿಯಲ್ಲಿ, ಅಂದರೆ ಗೊಂಡೊಲಾದಲ್ಲಿ ಹೋಗಿ ಗೊಂಡೊಲಾದಲ್ಲೇ ಇಳಿಯಬಹುದು, ಆ ಊರುಗಳಿಗೆ ನನ್ನ ಶೀಟಿನಲ್ಲಿ ಹಸಿರು ಬಣ್ಣ ಬಳಿದೆ. ಹಸಿರು ಬಳಿದದ್ದು ನೋಡಿ ಹೆಂಡತಿ "ಮತ್ತೆ ಹುಲ್ಲಾ?" ಎಂದಳು.

ಆಮೇಲೆ ದಿಕ್ಕು. ಉತ್ತರಕ್ಕೆ ಮುಖ ಮಾಡಿದ ಇಳಿಜಾರಿಗೆ ಬಿಸಿಲು ಕಡಿಮೆ, ಹಿಮ ತಡವಾಗಿ ಕರಗುತ್ತದೆ. ದಕ್ಷಿಣಕ್ಕೆ ಮುಖ ಮಾಡಿದ್ದು ಕಾಫಿ ಕುಡಿಯಲು ಚೆನ್ನ, ಸ್ಕೀಗಲ್ಲ. ಮಗಳ ದಿಕ್ಸೂಚಿ ತೆಗೆದುಕೊಂಡು ಮೇಜಿನ ಮೇಲೆ ನಕ್ಷೆ ಹರಡಿ ಕೂತೆ. ಸ್ಕೀ ನಕ್ಷೆಗಳು ಕಲಾವಿದರು ಬರೆದ ಚಿತ್ರ, ಎಲ್ಲ ಬೆಟ್ಟವೂ ಒಂದೇ ಕಡೆಯಿಂದ ಕಾಣುವ ಹಾಗೆ ತಿರುಚಿರುತ್ತಾರೆ, ಅದರ ಮೇಲೆ ದಿಕ್ಸೂಚಿ ಇಟ್ಟರೆ ಪ್ರಯೋಜನ ಇಲ್ಲ ಅನ್ನುವುದು ಗೊತ್ತಾಗುವಷ್ಟರಲ್ಲಿ ಎರಡು ಸಂಜೆ ಹೋಗಿತ್ತು.

ಗ್ಲೇಸಿಯರ್, ಅಂದರೆ ಹಿಮನದಿ ಇರುವ ಕಡೆ ಈ ತಲೆನೋವೇ ಕಡಿಮೆ. ಆಸ್ಟ್ರಿಯಾದ ಹಿಂಟರ್‌ಟುಕ್ಸ್‌ನಲ್ಲಿ ವರ್ಷವಿಡೀ ಸ್ಕೀ ನಡೆಯುತ್ತದೆ. ಇನ್ನು ಎತ್ತರವೇ ಎಲ್ಲ ಅಂದುಕೊಂಡವರಿಗೆ ಸ್ವೀಡನ್ನಿನ ರಿಕ್ಸ್‌ಗ್ರೆನ್ಸೆನ್ ಇದೆ: ತುದಿಯೂ ಸಾವಿರ ಮೀಟರ್ ಮುಟ್ಟುವುದಿಲ್ಲ, ಆದರೆ ಆರ್ಕ್ಟಿಕ್ ವೃತ್ತದ ಆಚೆ ಇರುವುದರಿಂದ ಮೇ ತಿಂಗಳಲ್ಲೂ ಹಿಮ. ಅಲ್ಲಿ ಸೀಸನ್ ಶುರುವಾಗುವುದೇ ನಡು ಚಳಿಗಾಲದ ಕತ್ತಲೆ ಕಳೆದ ಮೇಲೆ, ಮೇ ಕೊನೆಯ ಹೊತ್ತಿಗೆ ಮಧ್ಯರಾತ್ರಿಯಲ್ಲೂ ಬೆಳಕಿರುತ್ತದೆ. ಇದನ್ನು ಮಗನ ಎದುರು ಹೇಳಿದ್ದು ತಪ್ಪಾಯಿತು. "ಹಾಗಾದ್ರೆ ಅಲ್ಲಿ ಯಾರೂ ಮಲಗು ಅನ್ನಲ್ವಾ? ಅಲ್ಲಿಗೇ ಹೋಗೋಣ" ಎಂದು ವಾರ ಪೂರ್ತಿ ಪೀಡಿಸಿದ.

ಕೊನೆಗೆ ಎರಡು ಸಾವಿರ ಮೀಟರ್ ದಾಟಿದ ಒಂದು ಊರು ಗೊತ್ತಾಯಿತು. ಹೆಸರು ಬೇಡ. ಮುಂದೆ ಆದದ್ದರಲ್ಲಿ ಅದರ ತಪ್ಪೇನೂ ಇಲ್ಲ.

ಹಿಮ ಇತ್ತು. ಬಾಗಿಲ ಮೆಟ್ಟಿಲವರೆಗೂ ಇತ್ತು. ಬಸ್ ಇಳಿದ ತಕ್ಷಣ ನಾನು ಮಗನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ, ಆಮೇಲೆ ಒಂದು ಉಂಡೆ ಮಾಡಿ ನನ್ನ ಕನ್ನಡಕಕ್ಕೆ ಸರಿಯಾಗಿ ಹೊಡೆದ. ಅಷ್ಟು ಸಂತೋಷ ನನಗೆ ಬೇರೆ ಯಾವ ಪೆಟ್ಟಿನಿಂದಲೂ ಆಗಿಲ್ಲ.

ಆದರೆ ಏಪ್ರಿಲ್ ಹಿಮಕ್ಕೆ ಒಂದು ಟೈಮ್‌ಟೇಬಲ್ ಇದೆ. ಹಗಲು ಕರಗಿದ್ದು ರಾತ್ರಿ ಮತ್ತೆ ಗಟ್ಟಿಯಾಗುತ್ತದೆ. ಹಾಗಾಗಿ ಬೆಳಿಗ್ಗೆ ಗಾಜು. ಹತ್ತರ ಹೊತ್ತಿಗೆ ಮೇಲ್ಪದರ ಸಡಿಲವಾಗಿ ಸಕ್ಕರೆ ಹರಳಿನ ಹಾಗೆ ಆಗುತ್ತದೆ, ಅದೇ ಒಳ್ಳೆಯ ಹೊತ್ತು. ಮಧ್ಯಾಹ್ನ ಕಳೆದರೆ ಕೆಸರು. ಬಲ್ಲವರು ಬೆಳಿಗ್ಗೆ ಬಿಸಿಲು ಮೊದಲು ಬೀಳುವ ಪೂರ್ವದ ಇಳಿಜಾರಿನಲ್ಲಿ ಶುರು ಮಾಡಿ, ಬಿಸಿಲಿನ ಹಿಂದೆಯೇ ಸುತ್ತುತ್ತಾ ಬಂದು, ಊಟದ ಹೊತ್ತಿಗೆ ಮುಗಿಸಿಬಿಡುತ್ತಾರೆ. ನಾನೂ ಅದೇ ಪ್ಲಾನ್ ಮಾಡಿ ಎಲ್ಲರನ್ನೂ ಏಳಕ್ಕೆ ಎಬ್ಬಿಸಿದೆ. ಥರ್ಮಲ್ ಬನಿಯನ್, ಅದರ ಮೇಲೆ ಫ್ಲೀಸ್, ಅದರ ಮೇಲೆ ಜಾಕೆಟ್, ಪ್ಯಾಂಟು, ಅದರ ಪಟ್ಟಿ, ಮೊಣಕಾಲವರೆಗಿನ ಸಾಕ್ಸು, ಸಾಕ್ಸಿನಲ್ಲಿ ಒಂದು ಮಡಿಕೆ ಇದ್ದರೂ ಕಾಲು ನೋಯುತ್ತದೆ ಎಂದು ಬಿಚ್ಚಿ ಮತ್ತೆ ಹಾಕಿದ ಸಾಕ್ಸು, ಬೂಟಿನ ನಾಲ್ಕು ಬಕಲ್, ಹೆಲ್ಮೆಟ್, ಗಾಗಲ್ಸ್, ಕೊನೆಗೆ ಗ್ಲೌಸು. ಹೆಬ್ಬೆರಳು ಹೆಬ್ಬೆರಳಿನ ಗೂಡಿಗೇ ಹೋಗಬೇಕು, ಎಂಟು ವರ್ಷದ ಕೈಯಲ್ಲಿ ಅದು ಯಾವತ್ತೂ ಹೋಗುವುದಿಲ್ಲ. ಎಲ್ಲ ಆಗಿ, ಬಾಗಿಲು ತೆಗೆದು, ಒಂದು ಹೆಜ್ಜೆ ಹೊರಗೆ ಇಟ್ಟ ಮೇಲೆ ಮಗ ಮೆಲ್ಲಗೆ ಅಂದ, "ಅಪ್ಪಾ, ಒಂದಕ್ಕೆ."

ನಾವು ಇಳಿಜಾರು ಮುಟ್ಟಿದ್ದು ಹನ್ನೆರಡಕ್ಕೆ. ಕೆಸರಿಗೆ ಸರಿಯಾಗಿ.

ಬಿಸಿಲಿನ ವಿಷಯದಲ್ಲಿ ಭಾವಮೈದುನ ಮೋಸ ಹೋದ. (ಹೌದು, ಅವನೂ ಬಂದಿದ್ದ. ಹೈಟ್ ಹೇಳಿದವನನ್ನು ಬಿಟ್ಟು ಹೋಗುವುದು ಹೇಗೆ?) ಸನ್‌ಸ್ಕ್ರೀನ್ ಕೊಟ್ಟರೆ, "ಭಾವ, ನಮ್ಮ ಬಣ್ಣಕ್ಕೆ ಬಿಸಿಲು ಏನು ಮಾಡುತ್ತೆ ಬಿಡಿ" ಎಂದ. ಸಾವಿರ ಮೀಟರ್ ಏರಿದರೆ ಅತಿನೇರಳೆ ಕಿರಣ ಸುಮಾರು 10 ಶೇಕಡಾ ಜಾಸ್ತಿ. ಮೇಲಿಂದ ಬಂದದ್ದು ಸಾಲದು ಎಂದು ಹೊಸ ಹಿಮ ಅದರಲ್ಲಿ 80 ಶೇಕಡಾದಷ್ಟನ್ನು ವಾಪಸ್ ಎಸೆಯುತ್ತದೆ. ಅಂದರೆ ಬಿಸಿಲು ಕೆಳಗಿನಿಂದಲೂ ಹೊಡೆಯುತ್ತದೆ. ಎರಡನೇ ದಿನ ಸಂಜೆ ಗಾಗಲ್ಸ್ ತೆಗೆದಾಗ ಕಣ್ಣಿನ ಸುತ್ತ ಮಾತ್ರ ಹಳೇ ಬಣ್ಣ, ಉಳಿದದ್ದೆಲ್ಲ ಕೆಂಪು ಮಿಶ್ರಿತ ಕಪ್ಪು. ಗದ್ದದ ಕೆಳಗೆ ಸುಟ್ಟಿತ್ತು, ಮೂಗಿನ ಹೊಳ್ಳೆಯ ಒಳಗೂ ಸುಟ್ಟಿತ್ತು. ಸೀನು ಬಂದಾಗಲೆಲ್ಲ "ಅಕ್ಕಾ" ಎಂದು ಕೂಗುತ್ತಿದ್ದ.

ಮೂರನೇ ದಿನ ಹಿಮ ಬೀಳಲು ಶುರುವಾಯಿತು.

ಮೊದಲ ಒಂದು ಗಂಟೆ ಎಲ್ಲರೂ ಕಿಟಕಿಯ ಹತ್ತಿರ. ಆಮೇಲೆ ಗಾಳಿ ಎದ್ದಿತು, ಮೇಲಿನ ಲಿಫ್ಟ್‌ಗಳನ್ನು ನಿಲ್ಲಿಸಿದರು. ಕೆಳಗಿನದೊಂದು ಓಡುತ್ತಿತ್ತು, ಹೋದೆವು. ನನ್ನ ಶೀಟಿನಲ್ಲಿ ಇಲ್ಲದ ಕಾಲಂ ಯಾವುದೆಂದು ಅಲ್ಲಿ ಗೊತ್ತಾಯಿತು: ಮರ. ಅಷ್ಟು ಎತ್ತರದಲ್ಲಿ ಮರ ಬೆಳೆಯುವುದಿಲ್ಲ. ಬಿಸಿಲಿದ್ದಾಗ ಅದೇ ಚೆಂದ, ಎಲ್ಲಿ ನೋಡಿದರೂ ಬಿಳಿ. ಮೋಡ ಇಳಿದರೆ ಆಕಾಶವೂ ಬಿಳಿ, ನೆಲವೂ ಬಿಳಿ, ನಡುವೆ ಗೆರೆ ಇಲ್ಲ. ತಗ್ಗಿನ ಊರುಗಳಲ್ಲಾದರೆ ಎರಡೂ ಕಡೆ ಪೈನ್ ಮರ ಇರುತ್ತವೆ, ಇಳಿಜಾರು ಎಲ್ಲಿದೆ ಎಂದಾದರೂ ತಿಳಿಯುತ್ತದೆ. ನಾನು ಜಾರುತ್ತಿದ್ದೇನೆ ಅಂದುಕೊಂಡು ಮಂಡಿ ಬಗ್ಗಿಸಿ, ಭುಜ ಮುಂದೆ ಮಾಡಿ, ಮೇಷ್ಟ್ರು ಹೇಳಿಕೊಟ್ಟ ಹಾಗೆ ತಿರುವು ತೆಗೆದುಕೊಳ್ಳಲು ಹೊರಟೆ. ಪಕ್ಕದಲ್ಲಿ ಮಗಳು, "ಅಪ್ಪಾ, ನೀನು ನಿಂತಿದ್ದೀಯ" ಎಂದಳು. ನಂಬಲಿಲ್ಲ. ಕೋಲು ಊರಿ ನೋಡಿದೆ. ನಿಂತೇ ಇದ್ದೆ.

ಮರುದಿನ ಅದೂ ಇಲ್ಲ, ಎಲ್ಲ ಲಿಫ್ಟೂ ಬಂದ್. ಅದರ ಮರುದಿನವೂ. ಐದು ಜನ, ಒಂದು ಕೋಣೆ, ಒಂದು ಪ್ಯಾಕ್ ಇಸ್ಪೀಟು, ಅದರಲ್ಲೂ ಆಟಿನ್ ರಾಣಿ ಇಲ್ಲ. ಮಗ ಕಿಟಕಿಗೆ ಮೂಗು ಒತ್ತಿಕೊಂಡು ತುಂಬಾ ಹೊತ್ತು ನಿಂತಿದ್ದ. "ಹೋದ ವರ್ಷ ಹಿಮ ಇರಲಿಲ್ಲ. ಈ ವರ್ಷ ಹಿಮ ಬಿಟ್ಟು ಬೇರೆ ಏನೂ ಇಲ್ಲ" ಎಂದ.

ಹೆಂಡತಿ ಮೂಲೆಯಲ್ಲಿ ಕೂತು ಫೋನ್ ನೋಡುತ್ತಿದ್ದಳು. ಮುಖದ ಮೇಲೆ ನಗು. ಆ ನಗು ನನಗೆ ಗೊತ್ತು, ಒಳ್ಳೆಯದಕ್ಕೆ ಬರುವ ನಗು ಅಲ್ಲ.

"ರೀ, ಬನ್ನಿ ಇಲ್ಲಿ."

ಹೋದ ವರ್ಷದ ಊರಿನ ವೆಬ್‌ಕ್ಯಾಮ್. ಅದೇ ಮರದ ಮನೆಗಳು. ಸೂರಿನ ಮೇಲೆ ಒಂದು ಮೊಳ ಹಿಮ. ಚಿಮಣಿಯಲ್ಲಿ ತೆಳ್ಳಗೆ ಹೊಗೆ. ನಮ್ಮನ್ನು ಕೂಡಿ ಹಾಕಿದ ಅದೇ ಮೋಡ ಅಲ್ಲಿಗೂ ಹೋಗಿ, ಚಳಿ ಜಾಸ್ತಿ ಇದ್ದದ್ದಕ್ಕೆ ಊರಿನವರೆಗೂ ಹಿಮ ಸುರಿದು, ಆಗಲೇ ಬಿಸಿಲೂ ಬಂದಿತ್ತು.

"ಆ ಫೋಟೋ ಯಾವ ತಿಂಗಳದ್ದು ಅಂತ ಕೇಳಿದ್ನಲ್ಲ, ಏಪ್ರಿಲ್‌ದೇ ಇರಬೇಕು" ಎಂದಳು.

ನಾನು ಫೋನ್ ಕಿತ್ತುಕೊಂಡೆ. ಎರಡು ಬೆರಳಲ್ಲಿ ಚಿತ್ರ ದೊಡ್ಡದು ಮಾಡಿ ಲಿಫ್ಟ್ ಹುಡುಕಿದೆ. ಕುರ್ಚಿಗಳು ಸಾಲಾಗಿ ನೇತಾಡುತ್ತಿದ್ದವು, ಒಂದೊಂದರ ಮೇಲೂ ದಿಂಬಿನ ಹಾಗೆ ಹಿಮ ಕೂತಿತ್ತು, ಯಾರೂ ಒರೆಸಿರಲಿಲ್ಲ. ಅಲ್ಲಿ ಸೀಸನ್ ಹಿಂದಿನ ಭಾನುವಾರವೇ ಮುಗಿದಿತ್ತು. ತಗ್ಗಿನ ಊರುಗಳು ಹೀಗೇ, ಮುಚ್ಚುವ ತಾರೀಖು ಮೊದಲೇ ಬರೆದಿಟ್ಟಿರುತ್ತಾರೆ, ಆಮೇಲೆ ಎಷ್ಟು ಹಿಮ ಬಿದ್ದರೂ ತೆರೆಯುವುದಿಲ್ಲ. ಆ ಕಾಲಂ ನನ್ನ ಶೀಟಿನಲ್ಲಿತ್ತು. ಎಂಟನೆಯದು. ಎದೆ ಉಬ್ಬಿತು.

"ನೋಡು, ನೋಡು ಸರಿಯಾಗಿ. ಅಲ್ಲಿ ಲಿಫ್ಟ್ ನಿಂತಿದೆ."

ಅವಳು ಫೋನ್ ನೋಡಲಿಲ್ಲ. ಕಿಟಕಿಯ ಆಚೆ ಕೈ ತೋರಿಸಿ, "ನಮ್ಮದೇನು ಓಡ್ತಾ ಇದೆಯಾ?" ಎಂದು ಇಸ್ಪೀಟು ಕಲೆಸತೊಡಗಿದಳು.