ಶುಗರ್ ಇಳಿಯಿತು, ಎಲ್‌ಡಿಎಲ್ ಏರಿತು

"ಅನ್ನ ಬಿಟ್ಟರೆ ಶುಗರ್, ಕೊಲೆಸ್ಟ್ರಾಲ್ ಎರಡೂ ಇಳಿಯುತ್ತವೆ" ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಮೊದಲರ್ಧ ಸರಿ. ಎರಡನೆಯದಕ್ಕೆ ನನ್ನ ರಿಪೋರ್ಟೇ ಉತ್ತರ.

ನಾನು ತೀರ್ಥಹಳ್ಳಿ ಕಡೆಯವನು. ಬೆಳಿಗ್ಗೆ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಗಂಜಿ. ಎಲ್ಲ ಬಿಟ್ಟು ನಾಲ್ಕು ತಿಂಗಳು ಮೊಟ್ಟೆ, ಸೊಪ್ಪಿನ ಪಲ್ಯದಲ್ಲೇ ಕಳೆದೆ. (ಪಕ್ಕದ ಮನೆಯ ಅಕ್ಕಿ ರೊಟ್ಟಿ ವಾಸನೆ ತಡೆದುಕೊಂಡದ್ದು ನನಗೇ ಗೊತ್ತು.) ಹೊಟ್ಟೆ ತುಂಬಲಿ ಅಂತ ಎಲ್ಲದಕ್ಕೂ ಎರಡು ಚಮಚ ತುಪ್ಪ, ಇಲ್ಲವೇ ತೆಂಗಿನೆಣ್ಣೆ. ಎಚ್‌ಬಿಎ1ಸಿ (ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) 7.4ರಿಂದ 6.3ಕ್ಕೆ ಬಂತು, ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್ 210ರಿಂದ 120ಕ್ಕೆ. ಆದರೆ 118 ಇದ್ದ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 171 ಆಗಿತ್ತು! ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ತುಪ್ಪ ಎಷ್ಟು ತಿಂತೀರಿ?"

ತುಪ್ಪ, ತೆಂಗಿನೆಣ್ಣೆಯಲ್ಲಿರುವ ಸ್ಯಾಚುರೇಟೆಡ್ ಕೊಬ್ಬು ಜಾಸ್ತಿಯಾದರೆ, ಲಿವರ್ ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುವುದು ಕಡಿಮೆಯಾಗುತ್ತದೆ. ಎಲ್ಲರಿಗೂ ಒಂದೇ ಸಮ ಏರುವುದಿಲ್ಲ, ನನಗೆ ಏರಿತು. ಅನ್ನ ಬಿಟ್ಟದ್ದಕ್ಕಿಂತ ಅದರ ಜಾಗದಲ್ಲಿ ಏನು ತಿಂದೆ ಅನ್ನೋದೇ ಮುಖ್ಯ ಅಲ್ವಾ?

ಇನ್ನೊಂದು, "15 ದಿನಕ್ಕೇ ಎಚ್‌ಬಿಎ1ಸಿ ಮಾಡಿಸಿ ನೋಡಿ" ಅಂದಿದ್ದೀರಿ. ಅದು ಎರಡು ಮೂರು ತಿಂಗಳ ಸರಾಸರಿ ತೋರಿಸುವ ಟೆಸ್ಟ್. ಸುಮ್ನೆ ದುಡ್ಡು ದಂಡ. ಇನ್ಸುಲಿನ್ ತಗೊಳ್ಳುವವರು ಡಾಕ್ಟರಿಗೆ ಹೇಳದೆ ಅನ್ನ ಬಿಟ್ಟರೆ ಶುಗರ್ ಲೋ ಆಗಿ ಬೀಳಬಹುದು, ಆ ಮಾತು ಲೇಖನದಲ್ಲಿ ಎಲ್ಲೂ ಕಾಣಲಿಲ್ಲ.