ವಾಲ್ವ್ ಬಿಡಿ, ಬೀಟ್‌ರೂಟ್ ಸಾಕು

ರಾಜಾಜಿನಗರದ ನಮ್ಮತ್ತಿಗೆಗೆ ಹಿಮೋಗ್ಲೋಬಿನ್ 9.4 ಅಂತ ರಿಪೋರ್ಟ್ ಬಂತು. ಸಂಜೆಯೊಳಗೆ ಇಡೀ ಅಪಾರ್ಟ್‌ಮೆಂಟ್ ಡಾಕ್ಟರಾಯಿತು. ಮೇಲಿನ ಮನೆಯವರು ಬೀಟ್‌ರೂಟ್ ಜ್ಯೂಸ್ ತಂದರು. ಪಕ್ಕದವರು ಖರ್ಜೂರ. ಅಸೋಸಿಯೇಶನ್ ಅಧ್ಯಕ್ಷರು, "ನುಗ್ಗೆಸೊಪ್ಪು ತಿನ್ನಮ್ಮ, ನಮ್ಮಜ್ಜಿ ತೊಂಬತ್ತು ವರ್ಷ ಬದುಕಿದ್ರು" ಎಂದರು. ಅಜ್ಜಿಗೆ ರಕ್ತ ಕಮ್ಮಿ ಇತ್ತಾ ಎಂದು ಯಾರೂ ಕೇಳಲಿಲ್ಲ. ಅಧ್ಯಕ್ಷರಲ್ವಾ.

ಅತ್ತಿಗೆಗೆ ಹತ್ತು ವರ್ಷದಿಂದ ರುಮಟಾಯ್ಡ್ ಸಂಧಿವಾತ. ಅದೇ ರಿಪೋರ್ಟಿನ ಕೆಳಗೆ, ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ ಹೇಳುವ ಫೆರಿಟಿನ್ 340 ಎಂದಿತ್ತು. ಅಂದರೆ ಕಬ್ಬಿಣ ಮೈಯಲ್ಲೇ ಇದೆ, ರಕ್ತಕ್ಕೆ ಬರುತ್ತಿಲ್ಲ.

ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? 2024ರ ಅಕ್ಟೋಬರ್‌ನಲ್ಲಿ ಕಾವೇರಿ 5ನೇ ಹಂತ ಶುರುವಾಯಿತು, ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ. ನಮ್ಮ ಬೀದಿಯಲ್ಲಿ ಮಾತ್ರ ರಸ್ತೆ ಅಗೆಯುವಾಗ ಮುಚ್ಚಿದ ವಾಲ್ವನ್ನು ಯಾರೂ ಮತ್ತೆ ತಿರುಗಿಸಲಿಲ್ಲ.

ಸಂಧಿವಾತದ ಉರಿಯೂತವೂ ಮುಗಿಯದ ರಸ್ತೆ ಅಗೆತವೇ. ಅಲ್ಲಿಂದ ಐಎಲ್-6 ಎಂಬ ಚೀಟಿ ಲಿವರ್‌ಗೆ ಹೋಗುತ್ತದೆ. ಲಿವರ್ ಹೆಪ್ಸಿಡಿನ್ ಎಂಬ ವಾಲ್ವ್‌ಮ್ಯಾನನ್ನು ಕಳಿಸುತ್ತದೆ. ಆಸಾಮಿ ಕಬ್ಬಿಣದ ಬಾಗಿಲು ಫೆರೋಪೋರ್ಟಿನ್ನನ್ನು ಮುಚ್ಚಿ ಸುಮ್ನಿರಲ್ಲ, ಕಿತ್ತೇ ಹಾಕುತ್ತಾನೆ. ಕರುಳಿನ ಕಬ್ಬಿಣ ಒಳಗೆ ಬರಲ್ಲ. ಹಳೇ ಕೆಂಪುಕಣ ಒಡೆದು ದಿನಕ್ಕೆ 20-25 ಮಿಲಿಗ್ರಾಂ ಕಬ್ಬಿಣ ವಾಪಸ್ ಕೊಡುತ್ತಿದ್ದ ಜೀವಕಣಗಳೂ ಅದನ್ನು ಬಚ್ಚಿಟ್ಟುಕೊಳ್ಳುತ್ತವೆ. ಮೂಳೆಮಜ್ಜೆ ಖಾಲಿ ಬಿಂದಿಗೆ ಹಿಡಿದು ನಿಂತಿರುತ್ತದೆ.

ವಾಲ್ವ್‌ಮ್ಯಾನ್‌ನದು ತಪ್ಪಲ್ಲ ಪಾಪ. ಬ್ಯಾಕ್ಟೀರಿಯಾಗಳ ಕೈಗೆ ಕಬ್ಬಿಣ ಸಿಗದಿರಲಿ ಅಂತ ಬಂದ ಹಳೇ ಆರ್ಡರ್ ಅದು. ನಾಲ್ಕು ದಿನದ ಸೋಂಕಿಗೆ ಸರಿ. ಬ್ಯಾಕ್ಟೀರಿಯಾವೇ ಇಲ್ಲದ ಹತ್ತು ವರ್ಷದ ಕೀಲುನೋವಿಗೂ ಅದೇ ಆರ್ಡರ್. ಸರ್ಕಾರಿ ಕೆಲಸ ಮಾಡಿದವರಿಗೆ ಇದರಲ್ಲಿ ವಿಶೇಷ ಕಾಣಲ್ಲ.

ಇಷ್ಟೆಲ್ಲ ಹೇಳಿದೆ. ಅಧ್ಯಕ್ಷರು ಗಂಭೀರವಾಗಿ ಕೇಳಿದರು. "ಹಾಗಾದ್ರೆ ದಿನಕ್ಕೆ ಎರಡು ಗ್ಲಾಸ್ ಬೀಟ್‌ರೂಟ್" ಎಂದರು. ಬೀಟ್‌ರೂಟಿನಲ್ಲಿ ಕಬ್ಬಿಣ 100 ಗ್ರಾಮಿಗೆ ಒಂದು ಮಿಲಿಗ್ರಾಮೂ ಇಲ್ಲ. ಆದರೆ ಕೆಂಪಗಿದೆ, ಇನ್ನೇನು ಬೇಕು?

ಡಾಕ್ಟರು ಸಂಧಿವಾತದ ಔಷಧಿ ಬದಲಿಸಿದರು. ಉರಿಯೂತ ಇಳಿಯಿತು. ಕೆಲವು ತಿಂಗಳಲ್ಲಿ ಹಿಮೋಗ್ಲೋಬಿನ್ 11.3.

ರಾಜ್ಯೋತ್ಸವದ ದಿನ ಅಧ್ಯಕ್ಷರು ಮೇಲಿನ ಮನೆಯವರಿಗೆ ಶಾಲು ಹೊದಿಸಿದರು, ಬೀಟ್‌ರೂಟ್ ಸೇವೆಗಾಗಿ. ಸಮಾರಂಭಕ್ಕೆ ನೀರು ಟ್ಯಾಂಕರ್‌ನಲ್ಲಿ ಬಂತು.